ಯೂಮಿಂಗ್ ಕೇಳಬೇಕೆಂದರೆ ಚಪ್ಪಲಿಯಿಂದ ಶುರು ಮಾಡಿ

ಕೈಬಿಟ್ಟು ಹೋದ ಹುಡುಗ ಮತ್ತೆ ಎಲ್ಲಾದರೂ ಎದುರಾದರೆ ಅವನ ಹೊಟ್ಟೆ ಉರಿಯುವ ಹಾಗೆ ಕಾಣಿಸಿಕೊಳ್ಳಬೇಕು ಅಂತ ಒಬ್ಬಳು ಹಟ ತೊಟ್ಟಿದ್ದಾಳೆ. ಅಂದಿನಿಂದ ಎಲ್ಲಿಗೆ ಹೊರಟರೂ ಸಿಂಗಾರ ಮಾಡಿಕೊಂಡೇ ಹೊರಡುತ್ತಾಳೆ. ಕೊನೆಗೊಂದು ದಿನ ಹಸಿರು ಕಾರೊಂದು ಬಂದು ನಿಲ್ಲುತ್ತದೆ, ಮೈಮೇಲೆ ಮೋಡಗಳ ಪ್ರತಿಬಿಂಬ ಹೊತ್ತುಕೊಂಡು. ಅವನೇ. ಇಷ್ಟು ದಿನ ಕಾದದ್ದು ಈ ಗಳಿಗೆಗೇ. ಆದರೆ ಅವತ್ತೇ, ಅದೊಂದೇ ದಿನ, ಇವಳ ಕಾಲಲ್ಲಿ ಇದ್ದದ್ದು ಅಗ್ಗದ ಚಪ್ಪಲಿ.

ಹಾಡಿನ ಹೆಸರು ‘ಡೆಸ್ಟಿನಿ’. 1979ರಲ್ಲಿ ಬಂದದ್ದು. ಬರೆದವರು, ರಾಗ ಹಾಕಿದವರು, ಹಾಡಿದವರು ಎಲ್ಲ ಒಬ್ಬರೇ: ಯೂಮಿ ಮಾತ್ಸುತೋಯಾ. ಜಪಾನಿನಲ್ಲಿ ಅವರನ್ನು ಪೂರ್ತಿ ಹೆಸರಿನಿಂದ ಕರೆಯುವವರು ಟಿವಿಯ ವಾರ್ತೆ ಓದುವವರು ಮಾತ್ರ. ಉಳಿದವರಿಗೆಲ್ಲ ಅವರು ಯೂಮಿಂಗ್. ‘ಡೆಸ್ಟಿನಿ’ ಇರುವ ಆಲ್ಬಮ್ಮಿನ ಹೆಸರನ್ನು ಕನ್ನಡಕ್ಕೆ ತಂದರೆ ‘ಅಳು ಬರುವಷ್ಟು ಒಳ್ಳೆಯ ಬಿಸಿಲು’ ಅಂತ ಏನೋ ಆಗುತ್ತದೆ. ಅಳುವುದಕ್ಕೆ ಮಳೆಯನ್ನೇ ಹುಡುಕುವ ಹಾಡುಗಳ ನಡುವೆ ಇವರು ಬಿಸಿಲನ್ನು ಆರಿಸಿಕೊಂಡರಲ್ಲ, ಅಲ್ಲೇ ನಾನು ಸೋತೆ.

ಜಪಾನಿನ ಹಾಡು ಅಂದರೆ ಎಲ್ಲಿಂದ ಶುರು ಮಾಡಲಿ ಅಂತ ಈಚೆಗೆ ಮೂರ್ನಾಲ್ಕು ಜನ ಕೇಳಿದರು. ಎಲ್ಲರಿಗೂ ನನ್ನದು ಒಂದೇ ಉತ್ತರ. ಯೂಮಿಂಗ್ ಕೇಳಿ, ಅದರಲ್ಲೂ ಆ ಚಪ್ಪಲಿಯಿಂದ ಶುರು ಮಾಡಿ. ಅವರ ಹಾಡುಗಳಲ್ಲಿ ‘ನನಗೆ ದುಃಖವಾಗಿದೆ’ ಅನ್ನುವ ಮಾತು ಕಡಿಮೆ. ಚಪ್ಪಲಿ ಇರುತ್ತದೆ, ಸೋಡಾ ಲೋಟ ಇರುತ್ತದೆ, ಕನ್ನಡಿ ಇರುತ್ತದೆ. ಅದನ್ನು ನೋಡಿ ನಾವೇ ದುಃಖಪಟ್ಟುಕೊಳ್ಳಬೇಕು.

ನನಗೂ ಅವರಿಗೂ ನಂಟು ಶುರುವಾದದ್ದು ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ. ಒಂಬತ್ತು ವರ್ಷದ ಹಿಂದೆ ಟೋಕಿಯೋದ ಪಶ್ಚಿಮ ಭಾಗದ ನಿಶಿ-ತಾಚಿಕಾವಾದಲ್ಲಿ ಮನೆ ಹಿಡಿದೆವು. ಓಮೆ ಮಾರ್ಗದ ಸಣ್ಣ ನಿಲ್ದಾಣ ಅದು. ಇಲ್ಲಿ ರೈಲಿನ ಬಾಗಿಲು ಮುಚ್ಚುವ ಮುಂಚೆ ಸ್ಪೀಕರಿನಲ್ಲಿ ಒಂದು ಚೂರು ಸಂಗೀತ ಬರುತ್ತದೆ, ನಿಲ್ದಾಣಕ್ಕೊಂದು ತರಹ. ನಮ್ಮ ನಿಲ್ದಾಣದ ರಾಗ ಮಾತ್ರ ಬಾಗಿಲು ಮುಚ್ಚುತ್ತಿದೆ ಓಡಿ ಬನ್ನಿ ಅನ್ನುವ ಹಾಗಿರಲಿಲ್ಲ, ಹೋಗುವವರು ಹೋಗಿ, ನಾನಿಲ್ಲೇ ಇರುತ್ತೇನೆ ಅನ್ನುವ ಹಾಗಿತ್ತು. ಎರಡು ತಿಂಗಳು ಅದನ್ನು ಗುನುಗಿಕೊಂಡೇ ಕೆಲಸಕ್ಕೆ ಹೋದೆ, ಏನು ಅಂತ ಗೊತ್ತಿರಲಿಲ್ಲ. ಆಮೇಲೆ ಒಂದು ದಿನ ನಿಲ್ದಾಣದ ಹೊರಗೆ, ಉದ್ಯಾನದ ಕಡೆ, ಒಂದು ಕಲ್ಲು ಕಣ್ಣಿಗೆ ಬಿತ್ತು. ಅದರ ಮೇಲೆ ಹಾಡಿನ ಸಾಲುಗಳು. ‘ಆಮೆ ನೊ ಸ್ಟೇಶನ್’, ಅಂದರೆ ಮಳೆಯ ಸ್ಟೇಷನ್. 1975ರ ‘ಕೋಬಾಲ್ಟ್ ಅವರ್’ ಆಲ್ಬಮ್ಮಿನ ಹಾಡು. ನಾನು ದಿನಾ ಛತ್ರಿ ಮಡಚುತ್ತಾ ಓಡುತ್ತಿದ್ದ ಇದೇ ನಿಲ್ದಾಣದ ಮೇಲೆ ಬರೆದದ್ದು.

ಆ ಹಾಡಿನಲ್ಲಿ ಆಗುವುದು ಇಷ್ಟೇ. ಜೂನ್ ತಿಂಗಳು, ಇಲ್ಲಿನ ಮಳೆಗಾಲ. ಎಲ್ಲವೂ ನೀಲಿಯಾಗಿ ಮಬ್ಬಾಗಿದೆ. ಒಬ್ಬಳು ನಿಲ್ದಾಣದಲ್ಲಿ ನಿಂತಿದ್ದಾಳೆ. ಅವನು ಸಿಗಬಹುದೇನೋ ಅಂತ ಎಷ್ಟೋ ಜನರ ನೆರಳು ದಾಟಿ ಹೋಗುವುದನ್ನು ನೋಡುತ್ತಾಳೆ. ಅವನ ಧ್ವನಿಯೂ ಮರೆತುಹೋಗಿದೆ. ಅವನು ಬರುವುದಿಲ್ಲ, ಬರುತ್ತೇನೆ ಅಂತ ಹೇಳಿರಲೂ ಇಲ್ಲ. ಈಗ ನಮ್ಮ ಮನೆ ಎದುರಿಗಿರುವ ದೊಡ್ಡ ಉದ್ಯಾನ, ಶೋವಾ ಕಿನೆನ್ ಕೋಯೆನ್, ಆಗ ಇರಲಿಲ್ಲ. ಅದು ತೆರೆದದ್ದು 1983ರಲ್ಲಿ. ಹಾಡು ಬರೆದಾಗ ಅಲ್ಲಿ ಅಮೆರಿಕದ ಸೇನಾನೆಲೆ ಇತ್ತು. ಬೇಲಿಯ ಆಚೆ ಅಮೆರಿಕ, ಈಚೆ ಒಂದು ಪುಟ್ಟ ನಿಲ್ದಾಣ, ಮಳೆ. ಈ ಚಿತ್ರ ಇಟ್ಟುಕೊಂಡು ಕೇಳಿದರೆ ಹಾಡು ಬೇರೆಯೇ ಆಗುತ್ತದೆ. ಜೂನಿನಲ್ಲಿ, ಬೆಳಿಗ್ಗೆ ಐದೂವರೆಗೆ, ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು ಇದನ್ನು. ಸಂಜೆ ಬೇಡ.

ಯೂಮಿಂಗ್ ಹುಟ್ಟಿದ್ದು ಇಲ್ಲಿಂದ ಅಷ್ಟೇನೂ ದೂರವಿಲ್ಲದ ಹಾಚಿಓಜಿಯಲ್ಲಿ, 1954ರಲ್ಲಿ. ಅದು ರೇಷ್ಮೆಯ ಊರು, ಅವರ ಮನೆಯವರದ್ದು ಕಿಮೊನೊ ಅಂಗಡಿ. ಹುಟ್ಟಿದ ಮನೆಯ ಹೆಸರು ಆರಾಯ್. ತಾಮಾ ಕಲಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಜಪಾನೀ ಶೈಲಿಯ ಚಿತ್ರಕಲೆ. ಇದನ್ನು ಯಾಕೆ ಹೇಳಿದೆ ಅಂದರೆ, ಬಟ್ಟೆಯ ಬಣ್ಣಗಳ ನಡುವೆ ಬೆಳೆದು ಬಣ್ಣವನ್ನೇ ಓದಿದವರು ಹಾಡು ಬರೆದರೆ ಹೇಗಿರುತ್ತದೋ ಹಾಗೇ ಇವೆ ಇವರ ಹಾಡುಗಳು. ಮೊದಲ ಸಿಂಗಲ್ 1972ರಲ್ಲಿ ಬಂತು, ಮುನ್ನೂರರಷ್ಟು ಪ್ರತಿ ಮಾತ್ರ ಖರ್ಚಾಯಿತಂತೆ. 1976ರಲ್ಲಿ ತಮ್ಮ ವಾದ್ಯತಂಡದ ಕೀಬೋರ್ಡ್ ವಾದಕ ಮಾಸಾತಾಕಾ ಮಾತ್ಸುತೋಯಾ ಅವರನ್ನು ಮದುವೆಯಾದರು. ಅಂದಿನಿಂದ ಇವತ್ತಿನವರೆಗೂ ವಾದ್ಯಸಂಯೋಜನೆ ಗಂಡನದ್ದು. ಮದುವೆಗೆ ಮುಂಚಿನ ನಾಲ್ಕು ಆಲ್ಬಮ್ಮುಗಳು ‘ಯೂಮಿ ಆರಾಯ್’ ಹೆಸರಿನಲ್ಲಿವೆ. ಸಮಯ ಇಲ್ಲದವರು ಆ ನಾಲ್ಕನ್ನು ಕೇಳಿದರೂ ಸಾಕು.

ಇನ್ನು ನನ್ನ ಗುರುಗಳ ವಿಷಯ. ನಾನು ಫುಚೂ ನಗರದಲ್ಲಿ ವಯಸ್ಸಾದವರ ಡೇ ಸರ್ವಿಸ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ವ್ಯಾನಿನಲ್ಲಿ ಮನೆಮನೆಗೆ ಹೋಗಿ ಕರೆತರುವುದು, ಬಿ.ಪಿ. ನೋಡುವುದು, ಸ್ನಾನ ಮಾಡಿಸುವುದು, ಊಟ, ಮೂರು ಗಂಟೆಗೆ ಚಹಾ ತಿಂಡಿ, ಅದಾದ ಮೇಲೆ ಕರೋಕೆ. ನಾನು ಸೇರಿದ ಹೊಸದರಲ್ಲಿ ಕರೋಕೆ ಅಂದರೆ ಎಂಕಾ, ಅಂದರೆ ಬಂದರು, ಅಕ್ಕಿಯ ಮದ್ಯ, ಹಿಮ, ಅಗಲಿಕೆ ಅಂತ ಗಂಟಲು ನಡುಗಿಸಿ ಹಾಡುವ ಹಳೇ ಕಾಲದ ಹಾಡುಗಳು. ಈಚೆಗೆ ಅದು ಬದಲಾಗುತ್ತಿದೆ. 1974ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ನಮ್ಮಲ್ಲಿಗೆ ಬರುವ ವಯಸ್ಸಿನವರು. ಅವರಿಗೆ ಎಂಕಾ ಬೇಡ. ಮೊದಲ ದಿನವೇ ರಿಮೋಟ್ ಕಿತ್ತುಕೊಂಡು ಯೂಮಿಂಗ್ ಹಾಕಿದವರು ಕೆ-ಸಾನ್. ಯೂಮಿಂಗ್ ಹುಟ್ಟಿದ ವರ್ಷವೇ ಹುಟ್ಟಿದವರು. ಸಣ್ಣದೊಂದು ಪಾರ್ಶ್ವವಾಯುವಿನಿಂದ ಎಡಗೈ ಅಷ್ಟು ಹಿಡಿತಕ್ಕೆ ಬರುವುದಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ನಾನೊಮ್ಮೆ ಗೊತ್ತಿಲ್ಲದೆ ಅವರನ್ನು ಅಜ್ಜಿ ಅಂದುಬಿಟ್ಟೆ. ‘ನಿನಗೆ ಅಜ್ಜಿಯಾಗಲು ನಾನು ಯಾವಾಗ ಒಪ್ಪಿಕೊಂಡೆ?’ ಅಂದರು. ಅಂದಿನಿಂದ ಕೆ-ಸಾನ್. ‘ಸಾನ್’ ಅಂದರೆ ಹೆಸರಿಗೆ ಮರ್ಯಾದೆಗೆ ಸೇರಿಸುವ ನಮ್ಮ ‘ಅವರು’ ಇದ್ದ ಹಾಗೆ.

ನಮ್ಮ ವ್ಯಾನು ಅವರನ್ನು ಮನೆಗೆ ಬಿಡುವ ದಾರಿಯಲ್ಲಿ ಚೂಓ ಎಕ್ಸ್‌ಪ್ರೆಸ್‌ವೇಯ ಕೆಳಗೆ ಹಾದುಹೋಗುತ್ತದೆ. ಆ ಸೇತುವೆ ಬಂದಾಗಲೆಲ್ಲ ಅವರು ‘ಚೂಓ ಫ್ರೀವೇ’ಯ ಎರಡು ಸಾಲು ಹಾಡಿಯೇ ಹಾಡುತ್ತಾರೆ. 1976ರ ಹಾಡು. ಟೋಕಿಯೋ ಕಡೆಯಿಂದ ಹಾಚಿಓಜಿ ಕಡೆಗೆ, ಮುಸ್ಸಂಜೆ, ಹುಡುಗನ ಕಾರಿನಲ್ಲಿ ಹೋಗುವುದು. ಚೋಫುವಿನ ಸೇನಾನೆಲೆ ಹಿಂದಾಯಿತು. ಬಲಕ್ಕೆ ಕುದುರೆ ಜೂಜಿನ ಮೈದಾನ, ಎಡಕ್ಕೆ ಬಿಯರ್ ಕಾರ್ಖಾನೆ. ರಸ್ತೆ ವಿಮಾನದ ರನ್‌ವೇ ಹಾಗೆ ನೇರ ರಾತ್ರಿಯ ಆಕಾಶಕ್ಕೆ ಹೋಗಿ ಸೇರುತ್ತಿದೆ. ಅಷ್ಟೇ ವರ್ಣನೆ. ನೀವು ನಕ್ಷೆ ತೆಗೆದು ನೋಡಿ: ಪಶ್ಚಿಮಕ್ಕೆ ಹೋಗುವಾಗ ಟೋಕಿಯೋ ರೇಸ್‌ಕೋರ್ಸ್ ಇವತ್ತಿಗೂ ಬಲಕ್ಕೇ ಇದೆ, ಸನ್ಟೋರಿ ಬಿಯರ್ ಕಾರ್ಖಾನೆ ಎಡಕ್ಕೇ ಇದೆ. ಎರಡೂ ನಮ್ಮ ಫುಚೂವಿನವು. ಪ್ರೇಮಗೀತೆಯಲ್ಲಿ ಬಿಯರ್ ಕಾರ್ಖಾನೆಯ ವಿಳಾಸ ಬರೆದು, ಅದು ಐವತ್ತು ವರ್ಷ ನಿಲ್ಲುವ ಹಾಗೆ ಮಾಡಿದವರು ಇನ್ನಾರಿದ್ದಾರೆ!

ಚೋಫು ನೆಲೆ ಮಾತ್ರ ಹೋಯಿತು. ಆ ಜಾಗದಲ್ಲಿ ಈಗ ಫುಟ್‌ಬಾಲ್ ನಡೆಯುವ ದೊಡ್ಡ ಕ್ರೀಡಾಂಗಣ ನಿಂತಿದೆ. ಇನ್ನೊಂದು ತಮಾಷೆ ಅಂದರೆ ‘ಫ್ರೀವೇ’ ಎಂಬ ಹೆಸರು. ಅದು ಫ್ರೀ ಏನೂ ಅಲ್ಲ, ಟೋಲ್ ಕಟ್ಟಬೇಕು. ಆದರೆ ‘ಚೂಓ ಟೋಲ್ ರಸ್ತೆ’ ಅಂತ ಹಾಡಲು ಆಗುತ್ತದೆಯೇ?

ಕೆ-ಸಾನ್ ಹಾಡುವಾಗ ‘ಬಲಕ್ಕೆ ಏನು ಕಾಣುತ್ತದೆ?’ ಅಂತ ನಾನು ಕೇಳುತ್ತೇನೆ, ‘ಗೋಡೆ’ ಅನ್ನುತ್ತಾರೆ. ‘ಎಡಕ್ಕೆ?’ ‘ಗೋಡೆ.’ ಸದ್ದು ಹೊರಗೆ ಹೋಗದಂತೆ ಎತ್ತರದ ತಡೆಗೋಡೆ ಕಟ್ಟಿದ್ದಾರೆ ಅಂತ ಅವರಿಗೆ ಕೋಪ. ಹಾಡಿನ ಕೊನೆಯ ಭಾಗವನ್ನು ಅವರು ಹಾಡುವುದಿಲ್ಲ, ಸೇತುವೆ ಅಷ್ಟರಲ್ಲಿ ಮುಗಿದಿರುತ್ತದೆ. ಅಲ್ಲೇ ಇದೆ ಮುಳ್ಳು. ಪರಿಚಯವಾದ ಹೊಸದರಲ್ಲಿ ದಿನಾ ಕಾರಿನಲ್ಲಿ ಸುತ್ತಿಸುತ್ತಿದ್ದೆಯಲ್ಲ, ಈಚೆಗೆ ಯಾಕೋ ಸ್ವಲ್ಪ ತಣ್ಣಗಾಗಿದ್ದೀಯ, ಮನೆಗೂ ಬಿಡುವುದಿಲ್ಲ. ರಾಗ ಮಾತ್ರ ಹಾಗೇ ತೇಲಿಕೊಂಡು ಹೋಗುತ್ತಿರುತ್ತದೆ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ. ಆರನೇ ಸಲವೋ ಏಳನೇ ಸಲವೋ ಕೇಳಿದಾಗ ನನಗದು ಕಿವಿಗೆ ಬಿತ್ತು. ಅಲ್ಲಿಯವರೆಗೆ ನಾನು ಇದೊಂದು ಖುಷಿಯ ಹಾಡು ಅಂದುಕೊಂಡಿದ್ದೆ.

ಇದೇ ಆಲ್ಬಮ್ಮಿನ ಶೀರ್ಷಿಕೆ ಹಾಡನ್ನೂ ಬಿಡಬೇಡಿ. ‘ಜೂಯೊಂಬಾನ್‌ಮೆ ನೊ ತ್ಸುಕಿ’, ಹದಿನಾಲ್ಕನೆಯ ಚಂದ್ರ. ನಾಳೆಯಿಂದ ಸವೆಯುವ ಹುಣ್ಣಿಮೆಗಿಂತ ಹದಿನಾಲ್ಕನೆಯ ರಾತ್ರಿಯ ಚಂದ್ರನೇ ನನಗಿಷ್ಟ ಅನ್ನುತ್ತಾಳೆ ಹುಡುಗಿ. ಪ್ರೀತಿ ಇನ್ನೂ ಬಾಯಿಬಿಟ್ಟು ಹೇಳಿಲ್ಲ, ಹೇಳಿದರೆ ಹುಣ್ಣಿಮೆ, ಆಮೇಲೆ ಇಳಿಮುಖವೇ. ಚತುರ್ದಶಿ ಅನ್ನುವ ಪದ ನಮ್ಮಲ್ಲಿ ಪಂಚಾಂಗಕ್ಕೇ ಸೀಮಿತವಾಗಿ ಉಳಿದುಹೋಗಿದೆ, ಯಾರೂ ಅದರ ಮೇಲೆ ಪ್ರೇಮಗೀತೆ ಬರೆದ ನೆನಪು ನನಗಿಲ್ಲ. ಹಾಡು ಕುಣಿಯುವಂತಿದೆ, ಪಾತ್ರೆ ತೊಳೆಯುವಾಗ ಹಾಕಿಕೊಳ್ಳಬಹುದು.

ಈಗ ಸೋಡಾ ಲೋಟಕ್ಕೆ ಬರೋಣ. 1974ರ ‘ಮಿಸ್‌ಲಿಮ್’ ಆಲ್ಬಮ್ಮಿನಲ್ಲಿ ‘ಉಮಿ ಒ ಮಿತೆ ಇತಾ ಗೊಗೊ’ ಅಂತ ಒಂದು ಹಾಡಿದೆ, ‘ಸಮುದ್ರ ನೋಡುತ್ತಿದ್ದ ಮಧ್ಯಾಹ್ನ’. ಇವರ ಹಾಡುಗಳಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ. ಯೋಕೋಹಾಮಾದ ಗುಡ್ಡದ ಮೇಲೆ ಡಾಲ್ಫಿನ್ ಅಂತ ಒಂದು ರೆಸ್ಟೋರೆಂಟು. ಅವಳು ಒಬ್ಬಳೇ ಬಂದು ಕೂತಿದ್ದಾಳೆ, ಹಿಂದೆ ಇಬ್ಬರೂ ಬಂದಿದ್ದ ಜಾಗಕ್ಕೆ. ಕಿಟಕಿಯಾಚೆ ಸಮುದ್ರ, ದೂರದಲ್ಲಿ ಮಿಉರಾ ಭೂಶಿರ. ಮೇಜಿನ ಮೇಲಿನ ಸೋಡಾ ನೀರಿನ ಒಳಗಿಂದ ಒಂದು ಸರಕು ಹಡಗು ದಾಟಿಹೋಗುತ್ತದೆ, ಸಣ್ಣ ಸಣ್ಣ ಗುಳ್ಳೆಗಳು ಒಡೆದುಹೋಗುತ್ತವೆ. ಅವತ್ತು ಅಳಲಾಗದ ಪ್ರೀತಿಯನ್ನು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಇನ್ನೊಂದು ಜಾಗದಲ್ಲಿ, ಕಾಗದದ ನ್ಯಾಪ್‌ಕಿನ್ ಮೇಲೆ ಶಾಯಿ ಹರಡಿಕೊಳ್ಳುತ್ತದೆ, ಅದಕ್ಕೇ ‘ಮರೆಯಬೇಡ’ ಅನ್ನುವಷ್ಟನ್ನೇ ಕಷ್ಟಪಟ್ಟು ಬರೆದೆ ಅನ್ನುತ್ತಾಳೆ. ನ್ಯಾಪ್‌ಕಿನ್ ಮೇಲೆ ಪೆನ್ನಿನಿಂದ ಬರೆಯಲು ಹೋದವರಿಗೆಲ್ಲ ಇದು ಗೊತ್ತು: ಒಂದು ಅಕ್ಷರ ಬರೆದರೆ ಮೂರು ಅಕ್ಷರದ ಜಾಗ ನುಂಗುತ್ತದೆ.

ವಾದ್ಯಗಳೂ ಹಾಗೇ ಕಮ್ಮಿ. ಎಲೆಕ್ಟ್ರಿಕ್ ಪಿಯಾನೊ, ಮೆಲ್ಲಗೆ ನಡೆಯುವ ಬೇಸ್, ಸುತ್ತಲೂ ಬೇಕಾದಷ್ಟು ಖಾಲಿ ಜಾಗ. ಯೂಮಿಂಗ್ ಸ್ವರವನ್ನು ಎಳೆದು ನಡುಗಿಸುವುದಿಲ್ಲ, ಗಮಕ ಇಲ್ಲವೇ ಇಲ್ಲ. ನೆಟ್ಟಗೆ ಇಟ್ಟು ಬಿಟ್ಟುಬಿಡುತ್ತಾರೆ. ಮೊದಮೊದಲು ನನಗೆ ಅದು ಶ್ರುತಿ ಸೇರದ ಕಂಠ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ನಿಮಗೂ ಹಾಗೆ ಅನ್ನಿಸಬಹುದು. ಮೂರು ಹಾಡು ತಾಳ್ಮೆ ಇಟ್ಟುಕೊಳ್ಳಿ.

ಆ ಡಾಲ್ಫಿನ್ ಇನ್ನೂ ಇದೆ. ನೆಗಿಶಿ ನಿಲ್ದಾಣದಲ್ಲಿ ಇಳಿದು ಗುಡ್ಡ ಹತ್ತಬೇಕು, ಏರು ಚೆನ್ನಾಗಿಯೇ ಇದೆ. ಯಜಮಾನರನ್ನು ಕಟ್ಟಿಕೊಂಡು ಒಂದು ಶನಿವಾರ ಹೋದೆ. ಸೋಡಾ ತರಿಸಿದೆವು. ನಾನು ಲೋಟವನ್ನು ಕಿಟಕಿಗೆ ನೇರ ಮಾಡಿ, ಗಲ್ಲ ಮೇಜಿಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಕೂತೆ. ‘ಏನು ಹುಡುಕ್ತಿದೀಯ?’ ಅಂದರು. ‘ಹಡಗು.’ ಅವರು ಪಕ್ಕದ ಮೇಜಿನವರ ಕಡೆ ನೋಡಿ ಕ್ಷಮೆ ಕೇಳುವ ಹಾಗೆ ನಕ್ಕರು. ಗುಡ್ಡದ ಕೆಳಗೆ ಸಮುದ್ರ ತುಂಬಿ ಮಾಡಿದ ನೆಲ, ಅದರ ಮೇಲೆ ತೈಲ ಶುದ್ಧೀಕರಣ ಘಟಕದ ಟ್ಯಾಂಕುಗಳು, ಚಿಮಣಿಗಳು, ಅವುಗಳಾಚೆ ಒಂದು ಗೆರೆಯಷ್ಟು ಸಮುದ್ರ. ಹಡಗು ಬರಲಿಲ್ಲ. ಆದರೆ ಯೋಚಿಸಿ, ಆ ಘಟಕ ಶುರುವಾದದ್ದು 1964ರಲ್ಲಿ, ಹಾಡಿಗಿಂತ ಹತ್ತು ವರ್ಷ ಮೊದಲು. ಅಂದರೆ ಯೂಮಿಂಗ್ ಕೂತಾಗಲೂ ಆ ಟ್ಯಾಂಕುಗಳು ಅಲ್ಲೇ ಇದ್ದವು. ಹಾಡಿನಲ್ಲಿ ಅವುಗಳ ಸುಳಿವೇ ಇಲ್ಲ. ಬಿಯರ್ ಕಾರ್ಖಾನೆಗೆ ಹಾಡಿನೊಳಗೆ ಪ್ರವೇಶ ಕೊಟ್ಟವರು ಎಣ್ಣೆ ಟ್ಯಾಂಕಿಗೆ ಕೊಡಲಿಲ್ಲ! ಕೆ-ಸಾನ್‌ಗೆ ಇದನ್ನು ಹೇಳಿದೆ. ಅವರೂ ಇಪ್ಪತ್ತೊಂದರ ವಯಸ್ಸಿನಲ್ಲಿ ಗೆಳತಿಯರ ಜೊತೆ ಅಲ್ಲಿಗೆ ಹೋಗಿದ್ದರಂತೆ, ಊಟಕ್ಕೆ ದುಡ್ಡಿಲ್ಲದೆ ಒಂದೊಂದು ಸೋಡಾ ಮುಂದಿಟ್ಟುಕೊಂಡು ಎರಡು ಗಂಟೆ ಕೂತಿದ್ದರಂತೆ. ‘ಟ್ಯಾಂಕು? ನಾವು ಯಾರೂ ನೋಡಲಿಲ್ಲ’ ಅಂದರು.

ಜಪಾನಿನ ಅನಿಮೇಷನ್ ಸ್ಟುಡಿಯೊ ಗಿಬ್ಲಿಯ ಸಿನಿಮಾಗಳಿಂದ ಯೂಮಿಂಗ್ ಅವರನ್ನು ಬಲ್ಲವರು ಬಹಳ ಜನ ಇದ್ದೀರಿ ಅಂತ ಗೊತ್ತು. 1989ರ ‘ಕಿಕಿಸ್ ಡೆಲಿವರಿ ಸರ್ವಿಸ್’ ಚಿತ್ರದಲ್ಲಿ ಇವರ ಎರಡು ಹಳೆಯ ಹಾಡುಗಳಿವೆ. ಪುಟ್ಟ ಮಾಟಗಾತಿ ಪೊರಕೆ ಏರಿ ರೇಡಿಯೊ ಹಾಕುತ್ತಿದ್ದಂತೆ ಬರುವುದು ‘ರೂಜು ನೊ ದೆಂಗೊನ್’, ಲಿಪ್‌ಸ್ಟಿಕ್ಕಿನ ಸಂದೇಶ. ಸಿನಿಮಾ ನೋಡಿದ ಮಕ್ಕಳೆಲ್ಲ ಇದನ್ನು ಕುಣಿಯುತ್ತಾ ಹಾಡುತ್ತವೆ. ಹಾಡಿನ ಕಥೆ ಏನು ಗೊತ್ತೇ? ಅವನಿಗೆ ಇನ್ನೊಬ್ಬಳ ಸಹವಾಸ. ಇವಳು ಬಚ್ಚಲುಮನೆಯ ಕನ್ನಡಿಯ ಮೇಲೆ ಲಿಪ್‌ಸ್ಟಿಕ್ಕಿನಲ್ಲಿ ಒಂದು ಒಕ್ಕಣೆ ಬರೆದಿಟ್ಟು ರೈಲು ಹತ್ತಿದ್ದಾಳೆ. ಹೋಗುತ್ತಿರುವುದು ತವರಿಗಲ್ಲ, ಅವನ ತಾಯಿಯ ಹತ್ತಿರ, ದೂರು ಹೇಳಲು! ನಾಳೆ ಬೆಳಿಗ್ಗೆ ನಿಮ್ಮಮ್ಮನೇ ಫೋನ್ ಮಾಡಿ ನಿನಗೆ ಬೈತಾರೆ ನೋಡು ಅನ್ನುತ್ತಾಳೆ. ಅತ್ತೆಯನ್ನು ಹೀಗೆ ಕೆಲಸಕ್ಕೆ ಹಚ್ಚಿದ ಸೊಸೆ ಬೇರೆ ಯಾವ ಪಾಪ್ ಹಾಡಿನಲ್ಲೂ ನನಗೆ ಸಿಕ್ಕಿಲ್ಲ. ಹಿಂದಿನಿಂದ ಕೋರಸ್ ಹಾಡುತ್ತಿರುವವರಲ್ಲಿ ಮುಂದೆ ದೊಡ್ಡ ಗಾಯಕರಾದ, ಆಗಿನ್ನೂ ಹೆಸರು ಮಾಡದಿದ್ದ ತಾತ್ಸುರೋ ಯಾಮಾಶಿತಾ ಇದ್ದಾರೆ, ಗಮನಿಸಿ.

ಚಿತ್ರದ ಕೊನೆಯಲ್ಲಿ ಬರುವ ‘ಯಾಸಾಶಿಸಾ ನಿ ತ್ಸುತ್ಸುಮಾರೆತಾನಾರಾ’ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಚೆನ್ನಾಗಿದೆ, ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಅದರಿಂದಲೇ ಶುರು ಮಾಡಿದರೆ ಮಾತ್ರ ಇವರು ಬೆಳಗಿನ ಬಿಸಿಲು, ಪರದೆ, ದೇವರು ಅಂತ ಬರೆಯುವ ಮೃದು ಕವಯಿತ್ರಿ ಅಂದುಕೊಂಡುಬಿಡುತ್ತೀರಿ. ಚಪ್ಪಲಿ, ಲಿಪ್‌ಸ್ಟಿಕ್ ಆದಮೇಲೆ ಕೇಳಿ.

ಇನ್ನೊಂದು ಗಿಬ್ಲಿ ಹಾಡು ಬೇರೆ ಮಾತು. ‘ಹಿಕೋಕಿಗುಮೊ’. ವಿಮಾನ ಹೋದಮೇಲೆ ಆಕಾಶದಲ್ಲಿ ಉಳಿಯುವ ಬಿಳಿ ಗೆರೆಗೆ ಜಪಾನೀ ಭಾಷೆಯಲ್ಲಿ ‘ವಿಮಾನಮೋಡ’ ಅನ್ನುತ್ತಾರೆ. 1973ರ ಮೊದಲ ಆಲ್ಬಮ್ಮಿನ ಹೆಸರೂ ಅದೇ. ನುಡಿಸಿದವರಲ್ಲಿ ಮುಂದೆ ವೈ.ಎಂ.ಓ. (ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ) ಎಂಬ ಎಲೆಕ್ಟ್ರಾನಿಕ್ ಸಂಗೀತದ ತಂಡ ಕಟ್ಟಿದ ಹಾರುಓಮಿ ಹೊಸೊನೊ ಇದ್ದಾರೆ. ನಲವತ್ತು ವರ್ಷದ ನಂತರ, 2013ರಲ್ಲಿ, ಗಿಬ್ಲಿಯ ನಿರ್ದೇಶಕ ಮಿಯಾಝಾಕಿ ‘ದಿ ವಿಂಡ್ ರೈಸಸ್’ ಚಿತ್ರಕ್ಕೆ ಅದೇ ಹಾಡನ್ನು, ಅದೇ ಹಳೆಯ ಧ್ವನಿಮುದ್ರಣವನ್ನು ತೆಗೆದುಕೊಂಡರು.

ಯೂಮಿಂಗ್ ಅವರ ಪ್ರಾಥಮಿಕ ಶಾಲೆಯಲ್ಲಿ ಸ್ನಾಯುಗಳು ಕ್ಷೀಣಿಸುವ ಕಾಯಿಲೆಯ ಸಹಪಾಠಿ ಒಬ್ಬನಿದ್ದ. ಮುಂದೆ ಹದಿಹರೆಯದಲ್ಲೇ ತೀರಿಕೊಂಡ. ಹಾಡು ಅಲ್ಲಿಂದ ಹುಟ್ಟಿದ್ದು. ಬಿಳಿಯ ಏರುದಾರಿ ಆಕಾಶದವರೆಗೂ ಹೋಗಿದೆ, ಬಿಸಿಲುಗುದುರೆಯ ನಡುವೆ ಆ ಮಗು ಒಂದೇ ಹತ್ತಿ ಹೋಗುತ್ತಿದೆ, ಹೆದರಿಕೆಯಿಲ್ಲದೆ. ಎತ್ತರದ ಆ ಕಿಟಕಿಯಲ್ಲಿ ಸಾಯುವ ಮುಂಚೆಯೂ ಆಕಾಶ ನೋಡುತ್ತಿತ್ತು. ಉಳಿದವರು ‘ಛೇ, ಸಾಯುವ ವಯಸ್ಸೇ’ ಅಂತಷ್ಟೇ ಅಂದುಕೊಳ್ಳುತ್ತಾರೆ. ಅದರ ಮುಂದೆ ಯೂಮಿಂಗ್ ಒಂದೇ ಮಾತು ಇಡುತ್ತಾರೆ: ಆದರೂ ಸುಖಿ. ಇನ್ನೂ ಇಪ್ಪತ್ತು ತುಂಬದ ಹುಡುಗಿಗೆ ಆ ಮಾತು ಇಡುವ ಧೈರ್ಯ ಎಲ್ಲಿಂದ ಬಂತೋ. ಮುಟ್ಟಬಾರದ್ದನ್ನು ಮುಟ್ಟಿದಂತಾಗಿ ಮೊದಲ ಸಲ ನನಗೆ ಸಿಟ್ಟೇ ಬಂದಿತ್ತು.

ನಮ್ಮ ಡೇ ಸರ್ವಿಸ್ಸಿನಲ್ಲಿ ಯಾರಾದರೂ ತೀರಿಕೊಂಡರೆ ಅದನ್ನು ಎಲ್ಲರೆದುರು ಹೇಳುವುದಿಲ್ಲ. ಬಚ್ಚಲ ಪಟ್ಟಿಯಲ್ಲಿ ಒಂದು ಹೆಸರು ಅಳಿಸುತ್ತದೆ, ಕುರ್ಚಿಗಳನ್ನು ಒಂದು ಗೇಣು ಅಗಲಿಸಿ ಹಾಕುತ್ತೇವೆ. ಕಳೆದ ವರ್ಷ ದಿನಾ ಕಿಟಕಿ ಪಕ್ಕವೇ ಬೇಕು ಅಂತ ಜಗಳ ಮಾಡುತ್ತಿದ್ದವರೊಬ್ಬರ ಕುರ್ಚಿ ಹಾಗೆ ಹೋಯಿತು. ಅವತ್ತು ಮಧ್ಯಾಹ್ನ ಯಾರೂ ಏನೂ ಕೇಳಲಿಲ್ಲ. ಕರೋಕೆ ಸರದಿ ಬಂದಾಗ ಕೆ-ಸಾನ್ ಈ ಹಾಡು ಹಾಕಿಸಿದರು. ‘ಸುಖಿ’ ಬರುವ ಜಾಗದಲ್ಲಿ ಮೈಕು ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು, ಪರದೆಯ ಮೇಲೆ ಅಕ್ಷರಗಳು ತಾವಾಗಿ ಬಣ್ಣ ಬದಲಿಸಿಕೊಂಡು ಮುಗಿದವು. ಈಗ ನನಗೆ ಆ ಹಾಡಿನ ಮೇಲೆ ಸಿಟ್ಟಿಲ್ಲ.

‘ಮಿಸ್‌ಲಿಮ್’ನಲ್ಲೇ ಇರುವ ‘ಹಿತೋಮಿ ಒ ತೋಜಿತೆ’ ಹುಟ್ಟಿದ ಕಥೆ ಹಾಡಿನಷ್ಟೇ ಚೆನ್ನ. ನಾಗಾಸಾಕಿಯ ಗೋತೊ ದ್ವೀಪಗಳಲ್ಲಿ ನಾರು ಅಂತ ಒಂದು ಪುಟ್ಟ ದ್ವೀಪ. ಅಲ್ಲಿನ ಪ್ರೌಢಶಾಲೆ ಆಗ ಇನ್ನೊಂದು ಶಾಲೆಯ ಶಾಖೆ, ತನ್ನದೇ ಶಾಲಾಗೀತೆ ಇರಲಿಲ್ಲ. ಒಬ್ಬ ವಿದ್ಯಾರ್ಥಿನಿ ಮಧ್ಯರಾತ್ರಿಯ ರೇಡಿಯೊ ಕಾರ್ಯಕ್ರಮಕ್ಕೆ ಕಾಗದ ಬರೆದಳು: ನಮ್ಮ ದ್ವೀಪಕ್ಕೆ ಒಪ್ಪುವ ಒಂದು ಶಾಲಾಗೀತೆ ಬರೆದುಕೊಡಿ. ಯೂಮಿಂಗ್ ಬರೆದುಕೊಟ್ಟರು. ಗಾಳಿ ನಿಂತಮೇಲೆ ದೋಣಿ ಹತ್ತಿ ನಡುಸಮುದ್ರಕ್ಕೆ ಹೋಗೋಣ, ಕಾಗದ ತುಂಬಿದ ಗಾಜಿನ ಬಾಟಲಿಯನ್ನು ತೇಲಿಬಿಡೋಣ, ದೂರ ಹೋದ ಗೆಳೆಯನಿಗೆ ಇಲ್ಲಿನ ಅಲೆಯ ಸದ್ದು ಇನ್ನೊಮ್ಮೆ ಮುಟ್ಟಲಿ. ಓದಿಗೆ, ಕೆಲಸಕ್ಕೆ ಅಂತ ಮಕ್ಕಳು ದ್ವೀಪ ಬಿಟ್ಟುಹೋಗಲೇಬೇಕಾದ ಊರಿಗೆ ಇದಕ್ಕಿಂತ ಸರಿಯಾದ ಹಾಡು ಬೇರೆ ಇಲ್ಲ. ಅಧಿಕೃತ ಶಾಲಾಗೀತೆ ಆಗಲಿಲ್ಲ, ಎಲ್ಲರ ಮೆಚ್ಚಿನ ಗೀತೆಯಾಗಿ ಉಳಿಯಿತು. ಅಲ್ಲಿ ಅದಕ್ಕೊಂದು ಕಲ್ಲೂ ಇದೆ. ಅವರ ಹಾಡುಗಳಿಗೆ ಈ ದೇಶದಲ್ಲಿ ಕಲ್ಲು ನೆಡುವ ಅಭ್ಯಾಸವೇ ಇದ್ದಂತಿದೆ.

‘ಸೊತ್ಸುಗ್ಯೋ ಶಾಶಿನ್’, ಅಂದರೆ ಶಾಲೆ ಮುಗಿದಾಗಿನ ಫೋಟೊ. ಮಾರ್ಚ್ ಬಂತೆಂದರೆ ಇಲ್ಲಿ ಎಲ್ಲಿ ಹೋದರೂ ಇದೇ. ಜನಜಂಗುಳಿಯಲ್ಲಿ ನಾನು ಬದಲಾಗುತ್ತಾ ಹೋಗುತ್ತಿದ್ದೇನೆ, ನೀನು ಮಾತ್ರ ಫೋಟೊದಲ್ಲಿದ್ದ ಹಾಗೇ ಇದ್ದೀಯ, ದೂರದಿಂದಲೇ ಆಗಾಗ ನನ್ನನ್ನು ಗದರಿಸು ಅಂತ. ನನಗೆ ನೆಚ್ಚಿನದು ನಡುವೆ ಬರುವ ಒಂದು ಸಾಲು: ಆಗ ನಡೆದು ಹೋಗುತ್ತಿದ್ದ, ಮಾತಾಡಿಸುವ ಹಾಗೆ ತೂಗುವ ಮರಗಳ ಕೆಳಗಿನ ಆ ದಾರಿಯನ್ನೂ ಈಗ ರೈಲಿನಿಂದ ನೋಡುವುದಷ್ಟೇ. ಈ ಸಾಲಿಗಾಗಿ ಹಾಡು ಕೇಳಿ, ಉಳಿದದ್ದು ಸ್ವಲ್ಪ ಸಕ್ಕರೆ ಜಾಸ್ತಿ.

ಎಂಬತ್ತರ ದಶಕದವು ನನಗೆ ಅಷ್ಟಕ್ಕಷ್ಟೇ. ಸ್ಕೀಯಿಂಗು, ಸಾಂತಾಕ್ಲಾಸು, ಮಿಂಚುವ ಸಿಂಥೆಸೈಜರು. ದುಡ್ಡು ಹೊಳೆಯಾಗಿ ಹರಿದ ಕಾಲದ ಹಾಡುಗಳು, ಆಗ ಇಲ್ಲಿದ್ದವರಿಗೆ ಅವು ಪ್ರಾಣ. ಕೆ-ಸಾನ್ ಕೂಡ ನನ್ನ ಈ ಮಾತಿಗೆ ಬೈದಿದ್ದಾರೆ. ಆ ಕಾಲದ್ದು ಒಂದು ಬೇಕು ಅಂದರೆ ಯೂಮಿಂಗ್ ಬೇರೆಯವರಿಗೆ ಕೊಟ್ಟದ್ದನ್ನು ಕೇಳಿ: 1982ರಲ್ಲಿ ಗಾಯಕಿ ಸೇಯ್ಕೊ ಮಾತ್ಸುದಾ ಹಾಡಿದ ‘ಆಕಾಯ್ ಸ್ವೀಟ್‌ಪೀ’. ರಾಗ ಹಾಕಿದವರ ಹೆಸರು ಕುರೆತಾ ಕಾರುಹೊ ಅಂತಿರುತ್ತದೆ. ಸ್ವಲ್ಪ ಬೇಗ ಬೇಗ ಹೇಳಿ ನೋಡಿ, ಹಾಲಿವುಡ್ಡಿನ ಹಳೆಯ ನಟಿ ಗ್ರೆಟಾ ಗಾರ್ಬೊ! ಅದು ಯೂಮಿಂಗ್ ಅವರದ್ದೇ ಗುಪ್ತನಾಮ.

‘ಹಾರು ಯೊ, ಕೊಯಿ’ ಮಾತ್ರ ಬಿಡುವ ಹಾಗಿಲ್ಲ. ವಸಂತವೇ, ಬಾ. 1994ರಲ್ಲಿ ಜಪಾನಿನ ಸಾರ್ವಜನಿಕ ಟಿವಿ ಎನ್.ಎಚ್.ಕೆ.ಯ ಬೆಳಗಿನ ಧಾರಾವಾಹಿಗೆ ಬರೆದದ್ದು. ಜಪಾನೀ ಭಾಷೆಯ ಪರೀಕ್ಷೆಗೆ ಓದುವಾಗ ಈ ಹಾಡು ನನ್ನನ್ನು ಚೆನ್ನಾಗಿ ಆಟವಾಡಿಸಿತು. ‘ಮಸುಕಾದ’ ಅನ್ನಲು ಈಗಿನವರು ‘ಆವಾಯ್’ ಅನ್ನುತ್ತಾರೆ, ಹಾಡಿನಲ್ಲಿ ‘ಆವಾಕಿ’. ‘ಉಕ್ಕುವ’ ಅನ್ನಲು ‘ಆಫುರೆರು’, ಇಲ್ಲಿ ‘ಆಫುರುರು’. ನಿಘಂಟಿನಲ್ಲಿ ಹುಡುಕಿ ಹುಡುಕಿ ಸೋತು ಮೇಷ್ಟರನ್ನು ಕೇಳಿದರೆ, ಅದು ಹಳೆಯ ಜಪಾನ್ ಭಾಷೆಯ ರೂಪ ಅಂದರು. ಈಗಿನ ಸಿನಿಮಾ ಹಾಡೊಂದರಲ್ಲಿ ಯಾರಾದರೂ ‘ಬರುವ’ ಅನ್ನದೆ ‘ಬರ್ಪ’ ಅಂತ ಹಾಕಿ, ಅದನ್ನು ಹಾಲು ಹಾಕುವವನಿಂದ ಹಿಡಿದು ಹೈಸ್ಕೂಲು ಹುಡುಗರವರೆಗೆ ಎಲ್ಲರೂ ಹಾಡುವಂತೆ ಮಾಡಿದರೆ ಹೇಗಿರುತ್ತದೆ, ಹಾಗೆ.

ಆ ಹಾಡಿನಲ್ಲಿ ಜಿಂಚೋಗೆ ಅಂತ ಒಂದು ಹೂ ಬರುತ್ತದೆ. ಸೊಂಟದೆತ್ತರದ ಪೊದೆ, ಚಳಿ ಇನ್ನೂ ಬಿಡುವ ಮುಂಚೆ ಬಿಡುವ ಸಣ್ಣ ಹೂಗೊಂಚಲು. ಹೆಸರಿನಲ್ಲೇ ಅಗರು ಮತ್ತು ಲವಂಗ ಎರಡೂ ಇವೆ. ಪರಿಮಳ ಅಗರಿನಂತೆ, ಹೂವಿನ ಆಕಾರ ಲವಂಗದಂತೆ ಅಂತ. ನಮ್ಮ ಓಣಿಯ ತಿರುವಿನಲ್ಲೊಂದು ಗಿಡ ಇದೆ ಅಂತ ನನಗೆ ಗೊತ್ತಾದದ್ದು ಮೂಗಿನಿಂದ, ಕತ್ತಲಲ್ಲಿ, ಮಾರ್ಚ್ ತಿಂಗಳ ಒಂದು ರಾತ್ರಿ ಕೆಲಸ ಮುಗಿಸಿ ಬರುವಾಗ. ನಿಂತೆ. ಹಾಡಿನ ಮೊದಲ ಸಾಲು ನಿಘಂಟಿಲ್ಲದೆ ಅರ್ಥವಾಯಿತು.

2018ರಿಂದ ಇವರ ಎಲ್ಲ ಹಾಡುಗಳೂ ಸ್ಟ್ರೀಮಿಂಗಿನಲ್ಲಿ ಇವೆ, ಹುಡುಕಲು ಕಷ್ಟವಿಲ್ಲ. ಎರಡು ಹೆಸರಿನಲ್ಲೂ ಹುಡುಕಿ, ಆರಾಯ್ ಮತ್ತು ಮಾತ್ಸುತೋಯಾ. ‘ಡೆಸ್ಟಿನಿ’ ಎರಡನೆಯ ಹೆಸರಿನ ಕೆಳಗೆ ಸಿಗುತ್ತದೆ.

ಆ ಹಾಡನ್ನು ನನಗೆ ಮಾತು ಮಾತಿಗೆ ಬಿಡಿಸಿ ಹೇಳಿದವರೂ ಕೆ-ಸಾನ್ ಅವರೇ. ಹೋದ ತಿಂಗಳು ಒಂದು ಗುರುವಾರ ನಮ್ಮಲ್ಲಿಗೆ ಹೊಸಬರೊಬ್ಬರು ಬಂದರು. ಬೆಳ್ಳಗಿನ ತಲೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊರುಗೋಲು. ಪರಿಚಯ ಮಾಡಿಕೊಡುವಾಗ ಯಾವ ಶಾಲೆಯಲ್ಲಿ ಓದಿದ್ದು ಅಂತ ಯಾರೋ ಕೇಳಿದರು, ಅವರು ಹೇಳಿದರು. ಕೆ-ಸಾನ್ ಚಹಾ ಲೋಟ ಕೆಳಗಿಟ್ಟರು. ಅದೇ ಶಾಲೆ, ಒಂದು ತರಗತಿ ಮೇಲೆ. ಆಮೇಲೆ ಮೆಲ್ಲಗೆ ಬಗ್ಗಿ ಮೇಜಿನ ಕೆಳಗೆ ತಮ್ಮ ಕಾಲು ನೋಡಿಕೊಂಡರು. ನಾವೇ ತರಿಸಿಕೊಟ್ಟ ಅಂಟುಪಟ್ಟಿಯ ಶೂ, ಬಣ್ಣ ಕಂದು, ಎಡಗಾಲಿಗೆ ಪಟ್ಟಿ ಹಾಕಬೇಕಾದ್ದರಿಂದ ಅದೊಂದು ದೊಡ್ಡದು. ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಆ ಸಾಲನ್ನು ರಾಗ ತಪ್ಪದೆ ಕಿವಿಯಲ್ಲಿ ಹಾಡಿದರು: ಯಾಕೆ, ಯಾಕೆ ಇವತ್ತೇ?